ದುಭಾಷಿಯ ದಿನಭತ್ಯೆ

ಮಜಗಾಂವ್ ಕೋರ್ಟಿನ ಮೂರನೇ ಮಹಡಿಗೆ ಲಿಫ್ಟು ಬರುತ್ತದೆ, ನಿಲ್ಲುವುದಿಲ್ಲ.
ಮೊಣಕಾಲು ಹಿಡಿದುಕೊಂಡು ಹತ್ತುತ್ತೇನೆ.
ಕನ್ನಡಕ್ಕೆ ಜನ ಬೇಕಾದಾಗ ನನ್ನನ್ನು ಕರೆಯುತ್ತಾರೆ,
ತಾರೀಖಿಗೆ ಇಷ್ಟು ಎಂದು ಲೆಕ್ಕ;
ಸಾಕ್ಷಿ ನಡೆದರೂ ಅಷ್ಟೇ, ನಡೆಯದಿದ್ದರೂ ಅಷ್ಟೇ.

ಈ ಕೇಸಿನಲ್ಲಿ ನಡೆಯದ್ದೇ ಹೆಚ್ಚು.
ಒಮ್ಮೆ ವಕೀಲರ ಅತ್ತಿಗೆ ತೀರಿಕೊಂಡರು.
ಒಮ್ಮೆ ಪಂಚನಾಮೆಯ ಎರಡನೇ ಪುಟ ಸಿಗಲಿಲ್ಲ.
ಒಮ್ಮೆ ಆರೋಪಿಯನ್ನು ಕರೆತರಲು ಪೊಲೀಸರಿರಲಿಲ್ಲ,
ಎಲ್ಲ ಗಣಪತಿ ಬಂದೋಬಸ್ತಿಗೆ ಹೋಗಿದ್ದರು.
ಒಮ್ಮೆ ಕರೆತಂದರು; ನನಗೆ ಹೇಳಿಕಳಿಸಲು ಮರೆತರು.

ಇವತ್ತು ಎಲ್ಲರೂ ಇದ್ದೇವೆ.
ಒಬ್ಬರ ಮುಖ ಒಬ್ಬರು ನೋಡಲು ಮುಜುಗರ.

ಕಟಕಟೆಯಲ್ಲಿ ದೇವಿಂದ್ರ.
ಫೈಲಿನಲ್ಲಿ ಅವನಿಗೆ ಒಂಬತ್ತು ವರ್ಷ:
ಬಾಲಕ, ಸಪೂರ, ಎಡಗೈ ಹೆಬ್ಬೆರಳಲ್ಲಿ ಸೂಜಿಯ ಗಾಯ.
ಧಾರಾವಿಯ ಬ್ಯಾಗಿನ ಕಾರ್ಖಾನೆಯಿಂದ ಬಿಡಿಸಿ ತಂದವರು
ಹುಟ್ಟಿದ ದಿನ ಕೇಳಿದಾಗ ಅವ್ವ ಸುರಪುರದಿಂದ ಫೋನಿನಲ್ಲಿ ಅಂದಳಂತೆ:
'ಜ್ವಾಳ ಹಾಲ್ದೆನಿ ಇದ್ದಾಗ ಹಡದೀನ್ರಿ.'
ಅದನ್ನು ಮರಾಠಿಗೆ ತಂದವನು ನಾನೇ.
'ಜನವರಿ, ಅಂದಾಜು' ಎಂದು ಟೈಪಾಯಿತು.

ಆಮೇಲೆ ಜೆ.ಜೆ. ಆಸ್ಪತ್ರೆಯಲ್ಲಿ
ಮಣಿಕಟ್ಟಿನ ಎಲುಬಿಗೇ ವಯಸ್ಸು ಕೇಳಿದರು.
ಸಾಬಣ್ಣನ ಎಲುಬಿಗೂ.
ಅದು ಹದಿನೆಂಟು ಅಂತು, ಎರಡು ವರ್ಷ ಆಚೀಚೆ.
ಈಚೆ ಬಿದ್ದಿದ್ದರೆ ಅವನನ್ನೂ ಅದೇ ವ್ಯಾನಿನಲ್ಲಿ ಕೂರಿಸಿ
ಬಿಸ್ಕೀಟು ಕೊಟ್ಟು ಊರಿಗೆ ಕಳಿಸುತ್ತಿದ್ದರು.
ಆಚೆ ಬಿತ್ತು.
ಮಕ್ಕಳನ್ನು ದುಡಿಸಿದ ಮೇಸ್ತ್ರಿ, ಆರೋಪಿ ನಂಬರ್ ಎರಡು.
ನಂಬರ್ ಒಂದು ಶೇಠ್; ನಾಲ್ಕನೇ ದಿನ ಜಾಮೀನು.
ಸಾಬಣ್ಣನಿಗೂ ಜಾಮೀನಾಗಿದೆ, ಹದಿನೈದು ಸಾವಿರಕ್ಕೆ,
ಒಂಬತ್ತು ವರ್ಷದಿಂದ ಆಗಿಯೇ ಇದೆ.

'ಒಳಗ ಹ್ಯಾಂಗದಪಾ?' ಅಂತ ಕೇಳಿದೆ, ಊಟದ ಬಿಡುವಿನಲ್ಲಿ.
ಬೆರಳು ಬಿಡಿಸಿ ಬೆಂಚಿನ ಮೇಲೆ ಅಳೆದು ತೋರಿಸಿದ:
'ಎರಡ ಗೇಣ, ಮ್ಯಾಲ ನಾಕ ಬಟ್ಟ.
ಒಬ್ಬಾಂವ ಮಗ್ಗಲಾ ಹೊಳ್ಳಿದರ ಸಾಲಿಗೆ ಸಾಲೇ ಹೊಳ್ಳಬೇಕ್ರಿ.
ಕಾರ್ಖಾನ್ಯಾಗ ಇನ್ನಾ ಜಾಗಾ ಇತ್ತು.'

ಸರ್ಕಾರಿ ವಕೀಲರು: ಈತ ನಿನ್ನನ್ನು ಹೊಡೆಯುತ್ತಿದ್ದನೇ?
ದೇವಿಂದ್ರ ಸಾಬಣ್ಣನನ್ನು ನೋಡಿದ.
ಅಂದು ಸಾಬಣ್ಣನಿಗಿದ್ದ ವಯಸ್ಸು ಇಂದು ಇವನದು,
ಅಂಥದ್ದೇ ಕುರುಚಲು ಮೀಸೆ, ಉಗುರಲ್ಲಿ ಸಿಮೆಂಟು.
'ಹೊಡದಾನ್ರಿ, ಪಟ್ಟೀಲೆ.
ಮತ್ತ, ರಾತ್ರಿ ಬೆರಳಿಗೆ ಎಣ್ಣಿ ಹಚ್ಚ್ಯಾನ.'

ಮೊದಲ ವಾಕ್ಯ ಸಲೀಸಾಗಿ ದಾಟಿತು.
ಆಮೇಲೆ ಆ 'ಮತ್ತ'.
ನನ್ನ ಕಡಲ ಕಡೆಯ ಕನ್ನಡಕ್ಕೆ ಅದು ಬರೀ 'ಮತ್ತೆ'.
ಅವರ ಮಾತಿನಲ್ಲಿ ಅದು 'ಹಾಗೂ'ವೂ ಹೌದು, 'ಆದರೆ'ಯೂ ಹೌದು,
ಒಮ್ಮೊಮ್ಮೆ ಸುಮ್ಮನೆ ಉಸಿರು.
ಮರಾಠಿಯಲ್ಲಿ 'ಆಣಿ' ಎನ್ನಲೇ, 'ಪಣ್' ಎನ್ನಲೇ?

ಹನ್ನೊಂದು ವರ್ಷಕ್ಕೆ ಕಾರ್ಕಳದಿಂದ ಬಂದು
ಕೋಟೆಯ ಹೋಟೆಲಲ್ಲಿ ಗ್ಲಾಸು ತೊಳೆದವನು ನಾನು.
ಧಣಿ ಕಪಾಳಕ್ಕೆ ಕೊಟ್ಟರು,
ಮತ್ತೆ ರಾತ್ರಿ ಶಾಲೆಯ ಫೀಸು ಕಟ್ಟಿದರು.
ಸಂಘದ ಸಭೆಗಳಲ್ಲಿ ಇದನ್ನೇ ಹೇಳಿ ಶಾಲು ಹೊದ್ದಿದ್ದೇನೆ.
ನನ್ನ ಮಣಿಕಟ್ಟನ್ನು ಯಾರೂ ಬೆಳಕಿಗೆ ಹಿಡಿದು ನೋಡಲಿಲ್ಲ.

'ಪಣ್,' ಅಂದೆ.
ಸರ್ಕಾರಿ ವಕೀಲರು ಎದ್ದರು: ದುಭಾಷಿ ತನ್ನದು ಸೇರಿಸುತ್ತಿದ್ದಾರೆ.
ಸಾಹೇಬರು ಗಡಿಯಾರ ನೋಡಿದರು.
ಉಳಿದ ಸಾಕ್ಷ್ಯ ನವೆಂಬರಿಗೆ.

ಸಾಬಣ್ಣ ಕೈ ಮುಂದೆ ಮಾಡಿದ, ಬೇಡಿ ಹಾಕುವವನಿಗೆ ತೊಂದರೆಯಾಗದಂತೆ.
ಮೆಟ್ಟಿಲಲ್ಲಿ ದೇವಿಂದ್ರ ಹಿಂದೆಯೇ ಬಂದ:
'ಸರ, ನಾ ಬರೋಬರಿ ಹೇಳಿದ್ನ್ಯಾ?'

ಒಂದು ದಿನದ ಕೂಲಿ ಅವನಿಗೆ ಹೋಯಿತು.
ನನಗೆ ಬಂತು. ವೋಚರಿನ ಮೇಲೆ ಸಹಿ ಹಾಕಿದ್ದೇನೆ,
ಕನ್ನಡದಲ್ಲಿ.